ತೂಗುಬುಟ್ಟಿಯ ಆರ್ಕಿಡ್: ಮಲೆನಾಡಿನ ಮನೆಯೊಳಗೆ ನೀರು, ಗೊಬ್ಬರ ಕೊಡುವ ಬಗೆ

ಮಲೆನಾಡಿನವರಿಗೆ ಆರ್ಕಿಡ್ ಹೊಸದಲ್ಲ. ಮುಂಗಾರು ಹತ್ತಿರ ಬಂದಾಗ ಹಲಸಿನ ಕೊಂಬೆಯಿಂದ ಸೀತಾಳೆ ದಂಡೆ ಇಳಿಬಿದ್ದು ಹೂ ಬಿಡುವುದನ್ನು ನೋಡದೆ ಬೆಳೆದವರು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕಡಿಮೆ. ಆ ಗಿಡಕ್ಕೆ ಯಾರೂ ನೀರು ಹಾಕುವುದಿಲ್ಲ, ಗೊಬ್ಬರವನ್ನೂ ಹಾಕುವುದಿಲ್ಲ. ಆದರೂ ವರ್ಷ ವರ್ಷ ಹೂವಾಗುತ್ತದೆ. ಅದರ ನೆಂಟನೇ ಆದ ಇನ್ನೊಂದು ಗಿಡವನ್ನು ನರ್ಸರಿಯಿಂದ ತಂದು, ಚೆಂದದ ಬುಟ್ಟಿಯಲ್ಲಿ ತೂಗುಹಾಕಿ, ದಿನಾ ಪ್ರೀತಿಯಿಂದ ನೀರು ಹಾಕಿ ಸಾಕಿದರೆ ಕೆಲವೇ ತಿಂಗಳಲ್ಲಿ ಬೇರು ಕೊಳೆತು ಎಲೆ ಹಳದಿಯಾಗುತ್ತದೆ. ಎಷ್ಟೋ ಮನೆಗಳಲ್ಲಿ ಇದೇ ಕಥೆ.

ಕಾರಣ ಸರಳ. ಮರದ ಮೇಲಿನ ಗಿಡಕ್ಕೆ ಮಳೆ ಜೋರಾಗಿ ಬೀಳುತ್ತದೆ, ಬೇರು ಪೂರ್ತಿ ನೆನೆಯುತ್ತದೆ. ಮಳೆ ನಿಂತ ಮೇಲೆ ಗಾಳಿ ಬೀಸಿ ಕೆಲವೇ ತಾಸಿನಲ್ಲಿ ಒಣಗುತ್ತದೆ. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು. ಮನೆಯೊಳಗೆ ಮಳೆಯೂ ಇಲ್ಲ, ಆ ಗಾಳಿಯೂ ಇಲ್ಲ. ಎರಡನ್ನೂ ನಾವೇ ಕೊಡಬೇಕು. ಮಳೆಯ ಕೆಲಸ ಮಾಡುವವರು ಬಹಳ ಜನ. ಗಾಳಿಯ ಕೆಲಸ ಮರೆಯುವವರೇ ಜಾಸ್ತಿ.

ಇನ್ನೊಂದು ಮಾತು. ಆರ್ಕಿಡ್ ಮರದ ಮೇಲೆ ಕೂತಿರುತ್ತದೆಯೇ ಹೊರತು ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ. ಮಳೆನೀರು, ಎಲೆಗಳ ಮೇಲಿಂದ ತೊಳೆದು ಬರುವ ಧೂಳು, ತೊಗಟೆಯ ಸಂದಿಯಲ್ಲಿ ಕೊಳೆತ ಕಸ, ಹಕ್ಕಿಯ ಹಿಕ್ಕೆ, ಇಷ್ಟೇ ಅದರ ಊಟ. ಅಷ್ಟು ತೆಳ್ಳಗಿನ ಊಟಕ್ಕೆ ಒಗ್ಗಿದ ಗಿಡ ಅದು. ಗೊಬ್ಬರದ ಚಮಚ ಕೈಗೆ ತೆಗೆದುಕೊಂಡಾಗ ಇದು ನೆನಪಿರಲಿ.

ಮೊದಲು ಬೇರನ್ನು ನೋಡಲು ಕಲಿಯಿರಿ

"ಅಕ್ಕಾ, ದಿನಕ್ಕೆ ಎಷ್ಟು ಸಲ ನೀರು ಹಾಕ್ಬೇಕು?" ಅಂತ ಕೇಳುವವರಿಗೆ ನಾನು ಕೊಡುವ ಉತ್ತರ ಒಂದೇ: ಬೇರನ್ನು ಕೇಳಿ, ನನ್ನನ್ನಲ್ಲ.

ಬುಟ್ಟಿಯಿಂದ ಹೊರಗೆ ಇಳಿಬಿದ್ದಿರುವ ಒಂದು ಒಣ ಬೇರನ್ನು ಹುಡುಕಿ. ಬೂದಿ ಬೆರೆತ ಬಿಳಿ ಬಣ್ಣ ಇರುತ್ತದೆ. ಅದರ ಮೇಲೆ ಬೆರಳ ತುದಿಯಿಂದ ಒಂದು ಹನಿ ನೀರು ಬಿಡಿ. ಹನಿ ಬಿದ್ದ ಜಾಗದಲ್ಲಿ ಒಂದು ಹಸಿರು ಮಚ್ಚೆ ಏಳುತ್ತದೆ. ನೋಡ್ತಾ ನೋಡ್ತಾ ಅದು ಅಕ್ಕಪಕ್ಕ ಹರಡುತ್ತದೆ. ಬೇರಿನ ಹೊರಗಡೆ ವೆಲಮೆನ್ ಅನ್ನುವ ಒಂದು ಪದರ ಇದೆ. ಪೂರ್ತಿ ಸತ್ತ, ಟೊಳ್ಳು ಕೋಶಗಳಿಂದ ಆದದ್ದು. ಒಣಗಿದಾಗ ಅದರೊಳಗೆ ಗಾಳಿ ತುಂಬಿರುವುದರಿಂದ ಬಿಳಿಯಾಗಿ ಕಾಣುತ್ತದೆ. ನೀರು ತುಂಬಿದ ಕೂಡಲೇ ಪಾರದರ್ಶಕವಾಗಿ, ಒಳಗಿನ ಹಸಿರು ಬೇರು ಕಾಣುತ್ತದೆ. ಗಿಡ ಈ ಪದರದಲ್ಲಿ ನೀರನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಒಳಗೆ ತೆಗೆದುಕೊಳ್ಳುತ್ತದೆ.

ಈ ಒಂದು ಹನಿಯ ಪರೀಕ್ಷೆಯಲ್ಲಿ ನೀರಿನ ಲೆಕ್ಕ ಪೂರ್ತಿ ಇದೆ. ಬೇರು ಉದ್ದಕ್ಕೂ ಹಸಿರಾಗುವವರೆಗೆ ನೀರು ಕೊಡಬೇಕು. ಉದ್ದಕ್ಕೂ ಬೂದಿ ಬಣ್ಣಕ್ಕೆ ತಿರುಗುವವರೆಗೆ ಮತ್ತೆ ಮುಟ್ಟಬಾರದು. ಅರ್ಧ ಹಸಿರು, ಅರ್ಧ ಬೂದಿ ಇದ್ದರೆ ಇನ್ನೂ ಹೊತ್ತಾಗಿಲ್ಲ ಅಂತ.

ಬೇರಿನ ತುದಿಯನ್ನೂ ಗಮನಿಸಿ. ಬೆಳೆಯುತ್ತಿರುವ ಬೇರಿಗೆ ಹೊಳೆಯುವ ಹಸಿರು ತುದಿ ಇರುತ್ತದೆ. ಕೆಲವು ಗಿಡಗಳಲ್ಲಿ ಅದು ಕೆಂಪು ಮಿಶ್ರಿತ. ತುದಿ ಹಸಿರಿದ್ದರೆ ಗಿಡ ಊಟಕ್ಕೆ ಕೂತಿದೆ, ಗೊಬ್ಬರ ಕೊಡಬಹುದು. ತುದಿಯವರೆಗೂ ಬಿಳಿ ಪದರ ಮುಚ್ಚಿಕೊಂಡಿದ್ದರೆ ಗಿಡ ವಿಶ್ರಾಂತಿಯಲ್ಲಿದೆ. ಆಗ ಎಂಥ ಒಳ್ಳೆಯ ಗೊಬ್ಬರವೂ ದಂಡ.

ಬೇರೆಲ್ಲಾ ಬುಟ್ಟಿಯ ಒಳಗೇ ಇದ್ದರೆ? ಉರಿದು ಉಳಿದ ಊದುಬತ್ತಿ ಕಡ್ಡಿಯನ್ನು ತೊಳೆದು ಒಣಗಿಸಿಟ್ಟುಕೊಳ್ಳಿ. ಬೇರಿಗೆ ತಾಗದಂತೆ ಬುಟ್ಟಿಯ ಮಧ್ಯಕ್ಕೆ ಚುಚ್ಚಿ ಹತ್ತು ನಿಮಿಷ ಬಿಡಿ. ಹೊರಗೆ ತೆಗೆದಾಗ ಕಡ್ಡಿ ತಣ್ಣಗೆ, ಕಪ್ಪಗೆ ಇದ್ದರೆ ಒಳಗೆ ಇನ್ನೂ ಹಸಿ ಇದೆ. ಅಭ್ಯಾಸ ಆದ ಮೇಲೆ ಕಡ್ಡಿಯೂ ಬೇಡ, ಬುಟ್ಟಿಯನ್ನು ಒಂದು ಕೈಯಲ್ಲಿ ಎತ್ತಿದರೆ ಭಾರದಲ್ಲೇ ಗೊತ್ತಾಗುತ್ತದೆ.

ನಿಮ್ಮ ಹತ್ತಿರ ಇರುವುದು ಯಾವ ಗಿಡ?

ನಮ್ಮ ನರ್ಸರಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ನಾಲ್ಕು. ಡೆಂಡ್ರೋಬಿಯಂ, ಅದರಲ್ಲೂ ನೇರಳೆ-ಬಿಳಿ ಹೂವಿನ ಸೋನಿಯಾ ತಳಿ. ಅಗಲ ಎಲೆಯ ಫೆಲನಾಪ್ಸಿಸ್. ಸಣ್ಣ ಹಳದಿ ಹೂಗಳು ಗೊಂಚಲಾಗಿ ಬರುವ ಆನ್ಸಿಡಿಯಂ. ಮತ್ತೆ ವ್ಯಾಂಡಾ.

ಡೆಂಡ್ರೋಬಿಯಂ ಮತ್ತು ಆನ್ಸಿಡಿಯಂಗೆ ಉಬ್ಬಿದ ಕಾಂಡ ಇದೆ, ಅದರಲ್ಲಿ ನೀರು ಕೂಡಿಟ್ಟುಕೊಳ್ಳುತ್ತವೆ. ಎರಡು ದಿನ ನೀರು ತಪ್ಪಿದರೂ ಏನೂ ಆಗದು. ಫೆಲನಾಪ್ಸಿಸ್‌ಗೆ ಅಂಥ ಕಾಂಡ ಇಲ್ಲ, ದಪ್ಪ ಎಲೆಯೇ ಅದರ ಉಗ್ರಾಣ. ಹಾಗಾಗಿ ಪೂರ್ತಿ ಒಣಗಿ ದಿನಗಟ್ಟಲೆ ಬಿಡುವ ಹಾಗಿಲ್ಲ. ವ್ಯಾಂಡಾದ ದಾರಿಯೇ ಬೇರೆ. ಅದನ್ನು ಖಾಲಿ ಬುಟ್ಟಿಯಲ್ಲಿ ಕೂರಿಸುತ್ತಾರೆ, ಬೇರು ಗಡ್ಡದಂತೆ ಗಾಳಿಯಲ್ಲಿ ನೇತಾಡುತ್ತದೆ. ಬೇಸಿಗೆಯಲ್ಲಿ ಅದಕ್ಕೆ ದಿನಾ ನೀರು ಬೇಕು. ಕೆಲಸಕ್ಕೆ ಹೋಗುವವರು, ವಾರಗಟ್ಟಲೆ ಊರಿಗೆ ಹೋಗುವವರು ಮೊದಲ ಗಿಡವಾಗಿ ವ್ಯಾಂಡಾ ತರುವುದು ಬೇಡ ಅಂತ ನನ್ನ ಅಭಿಪ್ರಾಯ. ಸೋನಿಯಾದಿಂದ ಶುರು ಮಾಡಿ.

ಬುಟ್ಟಿ ಮತ್ತು ಅದರೊಳಗಿನದ್ದು

ನೀರಿನ ಮಾತಿಗೆ ಮುಂಚೆ ಬುಟ್ಟಿಯ ಮಾತು ಬರಲೇಬೇಕು. ಬುಟ್ಟಿ ಎಷ್ಟು ನೀರು ಹಿಡಿಯುತ್ತದೆ ಅನ್ನುವುದರ ಮೇಲೆ ಮುಂದಿನದ್ದೆಲ್ಲ ನಿಂತಿದೆ.

ಪ್ಲಾಸ್ಟಿಕ್ ಬುಟ್ಟಿ ಪೇಟೆಯಲ್ಲಿ ಸಿಗುತ್ತದೆ, ಕೆಲಸ ನಡೆಯುತ್ತದೆ. ಆದರೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರದ ಸೀಳು, ಸಿಗುವ ಊರಿನಲ್ಲಿ ಇದ್ದುಕೊಂಡು ಅದನ್ನು ಬಿಡುವುದೇಕೆ? ದಬ್ಬೆಯನ್ನು ಒಂದು ಬೆರಳಗಲ ಸೀಳಿ, ಒಳಗಿನ ಮೆದುವಾದ ಭಾಗ ಕೆತ್ತಿ ತೆಗೆದು, ಗೇಣುದ್ದದ ತುಂಡುಗಳಾಗಿ ಮಾಡಿಕೊಳ್ಳಿ. ಎರಡು ಹೀಗೆ, ಎರಡು ಹಾಗೆ ಅಡ್ಡಡ್ಡ ಜೋಡಿಸುತ್ತಾ ನಾಲ್ಕು ಮೂಲೆಯಲ್ಲಿ ತೂತು ಕೊರೆದು ತಂತಿ ಪೋಣಿಸಿದರೆ ಚೌಕದ ಬುಟ್ಟಿ ಸಿದ್ಧ. ಸಂದಿ ದೊಡ್ಡದಾಗಿಯೇ ಇರಲಿ, ಗಾಳಿ ಆಡುವುದು ಅಲ್ಲಿಂದಲೇ. ತಂತಿ ಸ್ಟೀಲ್ ಅಥವಾ ಅಲ್ಯೂಮಿನಿಯಂ ಇರಲಿ. ತಾಮ್ರದ ತಂತಿ ಬೇಡ, ಆರ್ಕಿಡ್ ಬೇರಿಗೆ ತಾಮ್ರ ಆಗುವುದಿಲ್ಲ.

ಒಳಗೆ ಮಣ್ಣು ಹಾಕಬಾರದು. ಒಂದು ಹಿಡಿಯೂ ಬೇಡ. ಇದ್ದಿಲು, ಹಳೆ ಹೆಂಚಿನ ಚೂರು, ತೆಂಗಿನ ಸಿಪ್ಪೆಯ ತುಂಡು, ಈ ಮೂರು ಸಾಕು. ಇದ್ದಿಲು, ಹೆಂಚು ಬೇಗ ಒಣಗುತ್ತವೆ. ಸಿಪ್ಪೆ ನೀರು ಹಿಡಿದುಕೊಳ್ಳುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಪಾಲೂ ಇಲ್ಲ. ಹಾಗಾಗಿ ಎಲ್ಲರಿಗೂ ಒಂದೇ ಅಳತೆ ಹೇಳಲಾಗದು. ಘಟ್ಟದ ಅಂಚಿನ ಊರುಗಳಲ್ಲಿ ಬರೀ ಇದ್ದಿಲು-ಹೆಂಚು ಸಾಕು, ಸಿಪ್ಪೆ ಹಾಕಿದರೆ ಮಳೆಗಾಲದಲ್ಲಿ ಕೊಳೆಯುತ್ತದೆ. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದಂಥ ಬಯಲು ಹತ್ತಿರದ ಕಡೆ ಮೂರರಲ್ಲಿ ಒಂದು ಪಾಲು ಸಿಪ್ಪೆ ಇರಲಿ.

ಸಿಪ್ಪೆಯನ್ನು ಹಾಗೇ ಹಾಕಬೇಡಿ. ಅದರಲ್ಲಿ ಉಪ್ಪಿನಂಶವೂ ಒಗರೂ ಇರುತ್ತದೆ. ಮೂರು-ನಾಲ್ಕು ದಿನ ಬಕೆಟ್‌ನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ. ಮೊದಲ ದಿನ ಚಹಾದ ಬಣ್ಣ ಬಿಡುವ ನೀರು ಕೊನೆಗೆ ತಿಳಿಯಾಗುತ್ತದೆ. ಆಮೇಲೆ ಬಳಸಿ.

ತೂಗುಹಾಕುವ ಎತ್ತರದ ಬಗ್ಗೆ ಒಂದು ಮಾತು. ಸೂರಿನ ಹತ್ತಿರ ತೂಗಿದರೆ ಬೇಸಿಗೆಯಲ್ಲಿ ಬಿಸಿ ಗಾಳಿ ಅಲ್ಲೇ ನಿಲ್ಲುತ್ತದೆ, ಗಿಡ ಸೊರಗುತ್ತದೆ. ಕಣ್ಣಿನ ಎತ್ತರಕ್ಕೆ, ಸ್ಟೂಲ್ ಹತ್ತದೆ ಕೈಗೆ ಸಿಗುವ ಹಾಗೆ ಇರಲಿ. ಬೇರು ದಿನಾ ಕಣ್ಣಿಗೆ ಬೀಳಬೇಕು, ಬುಟ್ಟಿ ಸುಲಭವಾಗಿ ಕೆಳಗೆ ಬರಬೇಕು. ಪೂರ್ವದ ಕಿಟಕಿ ಒಳ್ಳೆಯದು. ಹೆಂಚಿನ ಮನೆಯಾದರೆ ಜಗುಲಿ, ಅಥವಾ ಗಾಜಿನ ಹೆಂಚಿನಿಂದ ಬೆಳಕು ಬೀಳುವ ಜಾಗ. ಎಸ್ ಆಕಾರದ ಕೊಕ್ಕೆ ಹಾಕಿ, ನೆನೆದ ಬುಟ್ಟಿಯ ಭಾರ ತಡೆಯುವಷ್ಟು ಗಟ್ಟಿ ಇರಲಿ.

ಯಾವ ನೀರು?

ಮಳೆನೀರಿಗೆ ಸಮ ಇಲ್ಲ. ಮಲೆನಾಡಿನಲ್ಲಿ ಅದಕ್ಕೆ ಬರವೂ ಇಲ್ಲ. ಮೊದಲ ಒಂದೆರಡು ಮಳೆ ಮಾಡಿನ ಧೂಳು ತೊಳೆಯಲಿ, ಆಮೇಲೆ ಸೂರಂಚಿನ ನೀರನ್ನು ಡ್ರಮ್ಮಿಗೆ ಹಿಡಿಯಿರಿ. ಡ್ರಮ್ಮಿನ ಬಾಯಿಗೆ ಬಟ್ಟೆ ಬಿಗಿದು ಮುಚ್ಚಳ ಹಾಕುವುದು ಕಡ್ಡಾಯ, ಡೆಂಗಿ ಸೊಳ್ಳೆ ಹುಟ್ಟುವುದು ಇಂಥ ತಿಳಿ ನೀರಿನಲ್ಲೇ.

ಬಾವಿ ನೀರು ಜಂಬಿಟ್ಟಿಗೆಯ ನೆಲದಲ್ಲಿ ಸಾಮಾನ್ಯವಾಗಿ ಮೆದು, ಧಾರಾಳವಾಗಿ ಬಳಸಬಹುದು. ನಲ್ಲಿ ನೀರಾದರೆ ರಾತ್ರಿ ಬಕೆಟ್‌ನಲ್ಲಿ ತುಂಬಿಟ್ಟು ಬೆಳಿಗ್ಗೆ ಬಳಸಿ, ಕ್ಲೋರಿನ್ ವಾಸನೆ ಹೋಗಿರುತ್ತದೆ. ತೊಂದರೆ ಇರುವುದು ಬೋರ್‌ವೆಲ್ ನೀರಿನಲ್ಲಿ. ನಿಮ್ಮ ಮನೆಯ ಬಕೆಟ್, ನಲ್ಲಿಯ ಮೇಲೆ ಬಿಳಿ ಗರಣೆ ಕಟ್ಟುತ್ತದೆಯಾ? ಹಾಗಾದರೆ ಅದೇ ಗರಣೆ ಬೇರಿನ ಮೇಲೂ ಕಟ್ಟುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಅಳೆದು ನೋಡಿ. 200ರ ಒಳಗಿದ್ದರೆ ನಿಶ್ಚಿಂತೆ, 400 ದಾಟಿದರೆ ಮಳೆನೀರು ಅರ್ಧಕ್ಕರ್ಧ ಬೆರೆಸಿ.

ಏಪ್ರಿಲ್‌ನಲ್ಲಿ ಇನ್ನೊಂದು ಎಚ್ಚರ ಬೇಕು. ತಾರಸಿಯ ಟ್ಯಾಂಕಿನ ನೀರು ಮಧ್ಯಾಹ್ನ ಕೈಗೆ ಸುಡುವಷ್ಟು ಬಿಸಿ ಇರುತ್ತದೆ. ಪೈಪಿನಲ್ಲಿ ನಿಂತ ನೀರಂತೂ ಇನ್ನೂ ಬಿಸಿ. ಅದನ್ನು ನೇರ ಬೇರಿಗೆ ಬಿಡಬೇಡಿ. ಬೆಳಗಿನ ನೀರೇ ಸರಿ.

ನೀರು ಕೊಡುವ ಕ್ರಮ

ಮನೆಯೊಳಗೆ ತೂಗಿದ ಬುಟ್ಟಿಗೆ ಅಲ್ಲೇ ಚೊಂಬಿನಲ್ಲಿ ಹೊಯ್ದರೆ ಎರಡು ತೊಂದರೆ. ನೆಲವೆಲ್ಲ ನೀರಾಗುತ್ತದೆ. ನೆಲ ನೀರಾಗುತ್ತದೆ ಅಂತ ಹೆದರಿ ನಾವು ಸ್ವಲ್ಪ ಸ್ವಲ್ಪವೇ ಹಾಕುತ್ತೇವೆ. ಆ ನೀರು ಒಂದೇ ದಾರಿ ಹಿಡಿದು ಸೋರಿಹೋಗುತ್ತದೆ, ಬುಟ್ಟಿಯ ಅರ್ಧ ಬೇರು ಒಣಗಿಯೇ ಇರುತ್ತದೆ. ಕೆಳಗೆ ತಟ್ಟೆ ಕಟ್ಟುವುದೂ ಸರಿಯಲ್ಲ, ತಟ್ಟೆಯಲ್ಲಿ ನಿಂತ ನೀರಿಗೆ ಬೇರು ಇಳಿದು ಕೊಳೆಯುತ್ತದೆ.

ಅದರ ಬದಲು ಹೀಗೆ ಮಾಡಿ. ಬೆಳಿಗ್ಗೆ ಎಂಟು-ಒಂಬತ್ತರ ಒಳಗೆ ಬುಟ್ಟಿಯನ್ನು ಕೊಕ್ಕೆಯಿಂದ ಇಳಿಸಿ ಬಚ್ಚಲಿಗೋ ಅಂಗಳಕ್ಕೋ ಒಯ್ಯಿರಿ. ಅಗಲ ಬಾಯಿಯ ಬಕೆಟ್‌ನಲ್ಲಿ ನೀರು ತುಂಬಿಸಿಡಿ. ಬುಟ್ಟಿಯನ್ನು ನಿಧಾನವಾಗಿ ಮುಳುಗಿಸಿ. ಬೇರು ಮುಳುಗಬೇಕು, ಗಿಡದ ಸುಳಿ ಮುಳುಗಬಾರದು. ಮೊದಲು ಗುಳ್ಳೆಗಳು ಎದ್ದು ಬರುತ್ತವೆ, ಒಳಗಿನ ಗಾಳಿ ಹೊರಗೆ ಬರುತ್ತಿದೆ ಅಂತ. ಇದ್ದಿಲು ತೇಲಿ ಹೋಗದಂತೆ ಅಂಗೈಯಲ್ಲಿ ಮೆಲ್ಲಗೆ ಒತ್ತಿ ಹಿಡಿಯಿರಿ. ಹತ್ತರಿಂದ ಹದಿನೈದು ನಿಮಿಷ ಸಾಕು. ಬೇರು ಹಸಿರಾಗಿದೆಯೇ ನೋಡಿ, ಹೊರಗೆ ತೆಗೆಯಿರಿ.

ಈಗ ಮುಖ್ಯವಾದ ಭಾಗ: ಬಸಿಯಲು ಬಿಡುವುದು. ಬಟ್ಟೆ ಒಣಹಾಕುವ ಹಗ್ಗಕ್ಕೋ ಬಚ್ಚಲಿನ ನಲ್ಲಿಗೋ ತೂಗುಹಾಕಿ ಅರ್ಧ ಗಂಟೆ ಬಿಡಿ. ಸ್ವಲ್ಪ ವಾಲಿಸಿ ತೂಗಿದರೆ ಮೂಲೆಯ ನೀರೂ ಇಳಿಯುತ್ತದೆ. ಹನಿ ನಿಂತ ಮೇಲೆ ಒಳಗೆ ತನ್ನಿ.

ಫೆಲನಾಪ್ಸಿಸ್ ಇದ್ದವರು ಸುಳಿಯ ಬಗ್ಗೆ ವಿಶೇಷ ನಿಗಾ ಇಡಬೇಕು. ಎಲೆಗಳ ನಡುವಿನ ಬಟ್ಟಲಿನಲ್ಲಿ ನೀರು ರಾತ್ರಿಯೆಲ್ಲ ನಿಂತರೆ ಸುಳಿ ಕೊಳೆಯುತ್ತದೆ. ಅಡಿಕೆ ತೋಟ ಇದ್ದವರಿಗೆ ಸುಳಿಕೊಳೆ ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ. ಗಿಡಕ್ಕೆ ಒಂದೇ ಸುಳಿ, ಅದು ಹೋದರೆ ಗಿಡ ಬಹುತೇಕ ಹೋದ ಹಾಗೆ. ಹತ್ತಿಯೋ ಹಳೆ ಬಟ್ಟೆಯ ಚೂರೋ ತೆಗೆದುಕೊಂಡು ಆ ನೀರನ್ನು ಒತ್ತಿ ತೆಗೆಯಿರಿ. ಬುಟ್ಟಿಯಲ್ಲಿ ಗಿಡವನ್ನು ನೆಡುವಾಗಲೇ ಓರೆಯಾಗಿ ಕೂರಿಸಿದರೆ ನೀರು ತಾನಾಗಿ ಜಾರಿಹೋಗುತ್ತದೆ. ಕಾಡಿನಲ್ಲಿ ಅದು ಮರದ ಕಾಂಡಕ್ಕೋ ಕೊಂಬೆಗೋ ಅಂಟಿಕೊಂಡು ಹೀಗೇ ಓರೆಯಾಗಿ ಬೆಳೆಯುತ್ತದೆ.

ಬೆಳಿಗ್ಗೆಯೇ ಯಾಕೆ ಅಂದರೆ, ಸಂಜೆಯೊಳಗೆ ಎಲೆ ಒಣಗಿರಬೇಕು. ಒದ್ದೆ ಎಲೆ, ರಾತ್ರಿಯ ತಂಪು, ಅಲುಗಾಡದ ಗಾಳಿ, ಮೂರೂ ಸೇರಿದರೆ ಶಿಲೀಂಧ್ರಕ್ಕೆ ಹಬ್ಬ.

ಹತ್ತಾರು ಬುಟ್ಟಿ ಇದ್ದವರು ಎಲ್ಲವನ್ನೂ ಒಂದೇ ಬಕೆಟ್ ನೀರಿನಲ್ಲಿ ಒಂದಾದ ಮೇಲೆ ಒಂದು ಅದ್ದಬೇಡಿ. ಒಂದು ಗಿಡದ ಕೊಳೆರೋಗ ಇನ್ನೊಂದಕ್ಕೆ ದಾಟುತ್ತದೆ. ಜಾಸ್ತಿ ಗಿಡ ಇದ್ದರೆ ಎಲ್ಲವನ್ನೂ ಅಂಗಳಕ್ಕೆ ಒಯ್ದು ಸಾಲಾಗಿ ತೂಗಿ, ಪೈಪಿನ ತುದಿಗೆ ಶವರ್ ಹಾಕಿ ನೀರು ಬಿಡಿ. ಐದು ನಿಮಿಷ ಬಿಟ್ಟು ಮತ್ತೊಮ್ಮೆ, ಇನ್ನೈದು ನಿಮಿಷ ಬಿಟ್ಟು ಮೂರನೇ ಸಲ. ವ್ಯಾಂಡಾಗೆ ಇದೇ ಒಳ್ಳೆಯ ವಿಧಾನ.

ಯಾವಾಗ ಎಷ್ಟು: ಮಳೆಯ ಲೆಕ್ಕದಲ್ಲಿ

ಶಿವರಾತ್ರಿ ಕಳೆದು ಚಳಿ ಹೋದ ಮೇಲೆ ನೀರು ಜಾಸ್ತಿ ಬೇಕಾಗುತ್ತದೆ. ಯುಗಾದಿಯಿಂದ ರೋಹಿಣಿ ಮಳೆಯವರೆಗೆ ಶಿವಮೊಗ್ಗ ಪೇಟೆಯಲ್ಲಿ ಬಿಸಿಲು 36-37 ಡಿಗ್ರಿ ಮುಟ್ಟುತ್ತದೆ. ಇದ್ದಿಲು-ಹೆಂಚಿನ ಬುಟ್ಟಿಯ ಡೆಂಡ್ರೋಬಿಯಂಗೆ ಆಗ ದಿನ ಬಿಟ್ಟು ದಿನ ನೀರು ಬೇಕಾಗಬಹುದು. ಫೆಲನಾಪ್ಸಿಸ್‌ಗೆ ಮೂರು-ನಾಲ್ಕು ದಿನಕ್ಕೊಮ್ಮೆ. ವ್ಯಾಂಡಾಗೆ ದಿನಾ ಬೆಳಿಗ್ಗೆ, ತೀರಾ ಸೆಕೆಯಾದರೆ ಮಧ್ಯಾಹ್ನಕ್ಕೆ ಮುಂಚೆ ಬೇರಿಗೆ ಇನ್ನೊಂದು ಸಿಂಪಡಣೆ. ಫ್ಯಾನಿನ ಕೆಳಗೆ ನೇರ ತೂಗಿದ್ದರೆ ಇನ್ನೂ ಬೇಗ ಒಣಗುತ್ತದೆ.

ಮೃಗಶಿರ ಮಳೆ ಹಿಡಿಯಿತು ಅಂದರೆ ಲೆಕ್ಕ ತಿರುಗಿತು. ಆರಿದ್ರಾ, ಪುನರ್ವಸು, ಪುಷ್ಯ ಮಳೆಯ ಕಾಲದಲ್ಲಿ ಮನೆಯೊಳಗೆ ಹಾಸಿದ ಬಟ್ಟೆಯೂ ಒಣಗುವುದಿಲ್ಲ, ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ. ಬುಟ್ಟಿ ಮಾತ್ರ ಹೇಗೆ ಒಣಗೀತು? ನಮ್ಮ ಕಡೆ ಆರ್ಕಿಡ್ ಸಾಯುವುದು ಬೇಸಿಗೆಯಲ್ಲಿ ಅಲ್ಲ, ಈ ಎರಡು ತಿಂಗಳಲ್ಲಿ. ಗಿಡ ಬೆಳೆಯುವ ಕಾಲವೂ ಇದೇ ಆದ್ದರಿಂದ ಹೊಸ ಬೇರು ಬರುತ್ತಿರುತ್ತದೆ, ಅದು ನೋಡಿ ನಾವು ನೀರು ಮುಂದುವರಿಸುತ್ತೇವೆ. ಬೇಡ. ಎಂಟು-ಹತ್ತು ದಿನ ನೀರಿಲ್ಲದೆ ಕಳೆದರೂ ಚಿಂತೆ ಇಲ್ಲ, ಊದುಬತ್ತಿ ಕಡ್ಡಿ ಒಣಗಿ ಬರುವವರೆಗೆ ಕಾಯಿರಿ. ಆ ಹೊತ್ತಿನಲ್ಲಿ ಗಿಡಕ್ಕೆ ಬೇಕಿರುವುದು ಗಾಳಿ. ಕಿಟಕಿ ತೆಗೆದಿಡಿ. ತೆಗೆಯಲಾಗದಷ್ಟು ಎರಚಲು ಇದ್ದರೆ ಸಣ್ಣ ಟೇಬಲ್ ಫ್ಯಾನನ್ನು ಗೋಡೆಯ ಕಡೆ ತಿರುಗಿಸಿ ನಿಧಾನಕ್ಕೆ ಓಡಿಸಿ. ಗಾಳಿ ಗೋಡೆಗೆ ಬಡಿದು ಕೋಣೆಯಲ್ಲಿ ಸುತ್ತಬೇಕು, ಗಿಡಕ್ಕೆ ನೇರ ಹೊಡೆಯಬಾರದು. ಬುಟ್ಟಿಗಳ ನಡುವೆ ಒಂದು ಮೊಳ ಜಾಗ ಬಿಡಿ.

ಮಳೆ ಸ್ವಲ್ಪ ಹೊಳವಾದ ದಿನ ಬುಟ್ಟಿಯನ್ನು ಅಂಗಳದಲ್ಲಿ ತೂಗಿ ಒಂದು ಮಳೆ ತೋಯಿಸಿ ತಂದರೆ ಗಿಡ ಕಳೆಕಳೆಯಾಗುತ್ತದೆ. ತಂದ ಮೇಲೆ ಅಡಿಭಾಗ ನೋಡಿ, ಬಸವನಹುಳ ಅಂಟಿಕೊಂಡು ಒಳಗೆ ಬಂದಿರುತ್ತದೆ. ಒಂದೇ ರಾತ್ರಿಯಲ್ಲಿ ಎಳೆ ಬೇರಿನ ತುದಿಯನ್ನೆಲ್ಲ ತಿಂದು ಮುಗಿಸುತ್ತದೆ.

ದೀಪಾವಳಿ ದಾಟಿ ಚಳಿ ಶುರುವಾದಾಗ ಮತ್ತೆ ಕಡಿಮೆ ಮಾಡಿ. ಸೋನಿಯಾದಂಥ ಡೆಂಡ್ರೋಬಿಯಂಗೆ ನಾಲ್ಕೈದು ದಿನಕ್ಕೊಮ್ಮೆ ಸಾಕು. ಚಳಿಗಾಲದಲ್ಲಿ ಎಲೆ ಉದುರಿಸುವ ನೊಬಿಲೆ ಜಾತಿಯ ಡೆಂಡ್ರೋಬಿಯಂ ಇದ್ದರೆ ಅದಕ್ಕೆ ಕಾಂಡ ತೀರಾ ಸುಕ್ಕಾಗದಷ್ಟು ನೀರು ಮಾತ್ರ, ಗೊಬ್ಬರ ಬಂದ್. ಈ ಒಣ ಚಳಿ ಸಿಕ್ಕರೇನೇ ಅದು ಹೂವಿಗೆ ತಯಾರಾಗುತ್ತದೆ. ಫೆಲನಾಪ್ಸಿಸ್‌ಗೂ ಕೆಲವು ವಾರ ರಾತ್ರಿ ತಂಪು ಸಿಕ್ಕರೆ ಹೂದಂಟು ಬರುತ್ತದೆ. ಬಯಲುಸೀಮೆಯವರು ಪರದಾಡುವ ಈ ತಂಪು ನಮಗೆ ಪುಕ್ಕಟೆ ಸಿಗುತ್ತದೆ, ಅಲ್ವಾ? ಅದನ್ನು ಬಳಸಿಕೊಳ್ಳಿ, ಡಿಸೆಂಬರ್‌ನಲ್ಲಿ ಕಿಟಕಿಯ ಪಕ್ಕಕ್ಕೆ ಸರಿಸಿ.

ಗೊಬ್ಬರ

ಗೊಬ್ಬರದಂಗಡಿಗೆ ಹೋಗಿ ನೀರಿನಲ್ಲಿ ಕರಗುವ 19:19:19 ಕೇಳಿ, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ ಗೊಬ್ಬರ ಅದು. ಶುಂಠಿ, ಅಡಿಕೆಗೆ ನಮ್ಮ ರೈತರು ಬಳಸುವ ನೈಂಟೀನ್ ಆಲ್ ಇದೇ. ಆರ್ಕಿಡ್‌ಗೆ ಅಂತ ಬರುವ ಸಣ್ಣ ಡಬ್ಬಿಯ ದುಬಾರಿ ಗೊಬ್ಬರ ಇಲ್ಲದಿದ್ದರೂ ನಡೆಯುತ್ತದೆ. ಪೊಟ್ಟಣದ ಮೇಲೆ ಹೊಲಕ್ಕೆ ಬರೆದ ಪ್ರಮಾಣ ನಮಗಲ್ಲ. ನಮಗೆ ಲೀಟರಿಗೆ ಅರ್ಧ ಗ್ರಾಂ ಸಾಕು. ಸಣ್ಣ ತಕ್ಕಡಿ ಇಲ್ಲದವರು ಚಹಾ ಚಮಚದ ಲೆಕ್ಕ ಇಟ್ಟುಕೊಳ್ಳಿ. ಮಟ್ಟಸವಾದ ಒಂದು ಚಮಚ ಹೆಚ್ಚುಕಡಿಮೆ 5 ಗ್ರಾಂ. ಅಂದರೆ 5 ಲೀಟರ್ ನೀರಿಗೆ ಅರ್ಧ ಚಮಚ. ಬೆಳೆಯುವ ಕಾಲದ ವ್ಯಾಂಡಾ ಲೀಟರಿಗೆ 1 ಗ್ರಾಂವರೆಗೂ ತಾಳಿಕೊಳ್ಳುತ್ತದೆ.

ತಿಂಗಳಿಗೊಮ್ಮೆ ದಪ್ಪಗೆ ಕೊಡುವುದಕ್ಕಿಂತ ವಾರಕ್ಕೊಮ್ಮೆ ತೆಳ್ಳಗೆ ಕೊಡುವುದು ಎಷ್ಟೋ ಮೇಲು.

ಕ್ರಮ ಹೀಗೆ. ಮೊದಲು ಬರೀ ನೀರಿನಲ್ಲಿ ಬೇರು ನೆನೆಸಿ, ಹಸಿರಾಗಲಿ. ಒಣ ಬೇರಿಗೆ ನೇರ ಗೊಬ್ಬರದ ನೀರು ತಾಗಿದರೆ ತುದಿ ಸುಟ್ಟು ಕಪ್ಪಾಗುತ್ತದೆ. ಹತ್ತು ನಿಮಿಷ ಬಸಿದ ಮೇಲೆ ಕಲಸಿಟ್ಟ ಗೊಬ್ಬರದ ನೀರನ್ನು ಚೊಂಬಿನಿಂದ ಬುಟ್ಟಿಯ ಸುತ್ತ ನಿಧಾನವಾಗಿ ಹೊಯ್ಯಿರಿ. ಹೊರಗೆ ನೇತಾಡುವ ಬೇರಿಗೆ ಸ್ಪ್ರೇ ಬಾಟಲಿಯಲ್ಲಿ ಸಿಂಪಡಿಸಿ. ಕೆಳಗೆ ಸೋರಿದ ನೀರನ್ನು ದಾಸವಾಳದ ಬುಡಕ್ಕೆ ಹಾಕಿ, ಇನ್ನೊಂದು ಆರ್ಕಿಡ್‌ಗೆ ಬೇಡ. ಮೂರು ವಾರ ಹೀಗೆ ಕೊಟ್ಟು ನಾಲ್ಕನೇ ವಾರ ಗೊಬ್ಬರ ಬಿಟ್ಟು ಬರೀ ನೀರನ್ನು ಧಾರಾಳವಾಗಿ ಹರಿಸಿ. ಉಳಿದ ಲವಣ ತೊಳೆದುಹೋಗುತ್ತದೆ.

ಮಳೆನೀರು ಮಾತ್ರ ಬಳಸುವವರು ಒಂದು ವಿಷಯ ತಿಳಿದಿರಬೇಕು. ಅದರಲ್ಲಿ ಸುಣ್ಣದ ಅಂಶ (ಕ್ಯಾಲ್ಸಿಯಂ) ಇಲ್ಲ, 19:19:19ರಲ್ಲೂ ಇಲ್ಲ. ಹಾಗಾಗಿ ತಿಂಗಳಲ್ಲಿ ಒಂದು ವಾರ ಅದರ ಬದಲು ಕ್ಯಾಲ್ಸಿಯಂ ನೈಟ್ರೇಟ್ ಕೊಡಿ, ಅದೂ ಲೀಟರಿಗೆ ಅರ್ಧ ಗ್ರಾಂ. ಎರಡನ್ನೂ ಒಂದೇ ಬಕೆಟ್‌ಗೆ ಹಾಕಬೇಡಿ. ಗಟ್ಟಿಯಾಗಿ ಕಲಸಿದರೆ ರಂಜಕದ ಜೊತೆ ಸೇರಿ ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತದೆ, ಗಿಡಕ್ಕೆ ಎರಡೂ ಸಿಗುವುದಿಲ್ಲ.

ಹೂ ಬರಲಿ ಅಂತ ರಂಜಕ ಜಾಸ್ತಿ ಇರುವ ಗೊಬ್ಬರ ಸುರಿಯುವ ಅಭ್ಯಾಸ ಇದೆ. ಆರ್ಕಿಡ್‌ಗೆ ಅದರ ಅಗತ್ಯ ಇಲ್ಲ. ಹೂ ಬಾರದಿರಲು ಹತ್ತರಲ್ಲಿ ಒಂಬತ್ತು ಸಲ ಬೆಳಕಿನ ಕೊರತೆಯೇ ಕಾರಣ. ಎಲೆ ಕಡು ಹಸಿರಾಗಿ, ಉದ್ದುದ್ದ ಬೆಳೆದು ಜೋಲುತ್ತಿದ್ದರೆ ಗೊಬ್ಬರ ಬದಲಿಸಬೇಡಿ, ಜಾಗ ಬದಲಿಸಿ. ಸ್ವಲ್ಪ ಹಳದಿ ಬೆರೆತ ತಿಳಿ ಹಸಿರು ಎಲೆ ಸರಿಯಾದ ಬೆಳಕಿನ ಗುರುತು.

ಗೊಬ್ಬರ ನಿಲ್ಲಿಸುವ ಕಾಲವನ್ನೂ ಹೇಳಿಬಿಡುತ್ತೇನೆ. ಆರಿದ್ರಾದಿಂದ ಆಶ್ಲೇಷ ಮಳೆಯವರೆಗೆ ನೀರೇ ಕಡಿಮೆ ಕೊಡುವುದರಿಂದ ಗೊಬ್ಬರವೂ ನೀರಿನ ಜೊತೆಗೇ ಹೋಗುತ್ತದೆ. ಹತ್ತು ದಿನಕ್ಕೊಮ್ಮೆ ನೀರು ಕೊಡುವಾಗ ಕೊಟ್ಟರೆ ಆಯಿತು. ಸುಮ್ನೆ ಗೊಬ್ಬರಕ್ಕೋಸ್ಕರ ನೀರು ಹಾಕಬೇಡಿ. ಮಘಾ ಮಳೆಯಿಂದ ದೀಪಾವಳಿಯವರೆಗೆ ಮೇಲೆ ಹೇಳಿದ ವಾರದ ಕ್ರಮ ತಪ್ಪಿಸದೆ ಕೊಡಿ, ಗಿಡ ಮೈತುಂಬಿಕೊಳ್ಳುವ ಕಾಲ ಅದು. ಡಿಸೆಂಬರ್, ಜನವರಿಯಲ್ಲಿ ತಿಂಗಳಿಗೊಮ್ಮೆ ಸಾಕು. ಬೇರಿನ ತುದಿ ಹಸಿರಿಲ್ಲದಿದ್ದರೆ ಅದೂ ಬೇಡ.

ಕೊಟ್ಟಿಗೆ ಇರುವ ಮನೆಯವರು ಸಗಣಿ ನೀರು, ಗೋಮೂತ್ರ, ಜೀವಾಮೃತ ಹಾಕಬಹುದಾ ಅಂತ ಕೇಳುತ್ತಾರೆ. ಅಂಗಳದ ಮರಕ್ಕೆ ಕಟ್ಟಿದ ಗಿಡಕ್ಕೆ ಚೆನ್ನಾಗಿ ತೆಳ್ಳಗೆ ಮಾಡಿದ, ಬಟ್ಟೆಯಲ್ಲಿ ಸೋಸಿದ ಗೋಮೂತ್ರ ಸಿಂಪಡಿಸುವವರಿದ್ದಾರೆ, ಮಳೆ ಬಂದು ತೊಳೆಯುತ್ತದೆ. ಮನೆಯೊಳಗಿನ ಬುಟ್ಟಿಗೆ ನಾನು ಬೇಡ ಅನ್ನುತ್ತೇನೆ. ಸಗಣಿಯ ಗಸಿ ವೆಲಮೆನ್ ಪದರವನ್ನು ಮುಚ್ಚುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ವಾಸನೆ, ನೊಣ ಬೇರೆ. ಅಕ್ಕಿ ತೊಳೆದ ನೀರಿನದ್ದೂ ಇದೇ ಹಾಡು, ಇರುವೆ ಮತ್ತು ಬೂಸ್ಟಿಗೆ ಕರೆ ಕಳಿಸಿದಂತೆ. ಯೂರಿಯಾ, ಡಿಎಪಿ ಕಾಳುಗಳನ್ನಂತೂ ಬುಟ್ಟಿಯ ಹತ್ತಿರ ತರಲೇಬೇಡಿ. ಒಂದು ಕಾಳು ಕೂತ ಜಾಗದಲ್ಲಿ ಬೇರು ಸುಡುತ್ತದೆ.

ಗಿಡ ಏನು ಹೇಳುತ್ತಿದೆ?

ಎಲೆ ಸುಕ್ಕಾಗಿ ಜೋತುಬಿದ್ದರೆ ನೀರು ಸಾಲದು ಅಂತ ಮತ್ತೆ ಮತ್ತೆ ಹಾಕುತ್ತೇವೆ. ಆದರೆ ಬೇರು ಕೊಳೆತಾಗಲೂ ಎಲೆ ಹೀಗೇ ಸುಕ್ಕಾಗುತ್ತದೆ, ನೀರು ಕುಡಿಯಲು ಬೇರೇ ಇಲ್ಲವಲ್ಲ. ಬೇರನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ. ಗಟ್ಟಿ ಇದ್ದರೆ ಬಾಯಾರಿಕೆ. ಮೆತ್ತಗಾಗಿ, ಸಿಪ್ಪೆ ಜಾರಿ ಒಳಗಿನ ನೂಲು ಮಾತ್ರ ಕೈಗೆ ಬಂದರೆ ಕೊಳೆ. ಕೊಳೆತ ಬೇರನ್ನು ಕತ್ತರಿಸಿ ತೆಗೆಯಿರಿ. ಬ್ಲೇಡನ್ನು ಪ್ರತಿ ಗಿಡಕ್ಕೂ ಮುಂಚೆ ಒಲೆಯ ಉರಿಯಲ್ಲಿ ಹಿಡಿದು ಬಿಸಿ ಮಾಡಿ, ಆರ್ಕಿಡ್‌ನ ವೈರಸ್ ರೋಗಗಳು ಕತ್ತರಿಯ ಮೂಲಕವೇ ದಾಟುತ್ತವೆ. ಕತ್ತರಿಸಿದ ಬಾಯಿಗೆ ದಾಲ್ಚಿನ್ನಿ ಪುಡಿ ಹಚ್ಚಿ, ಒಳ್ಳೆಯ ಬೇರಿಗೆ ತಾಗಿಸಬೇಡಿ. ಅದು ಬೇರನ್ನೂ ಒಣಗಿಸುತ್ತದೆ.

ಬೇರಿನ ತುದಿ ಕಪ್ಪಾಗಿ, ಇದ್ದಿಲಿನ ಮೇಲೆ ಬಿಳಿ ಪುಡಿ ಕಂಡರೆ ಗೊಬ್ಬರ ಜಾಸ್ತಿಯಾಗಿದೆ ಅಥವಾ ನೀರು ಗಡುಸಾಗಿದೆ. ಬರೀ ಮಳೆನೀರಿನಲ್ಲಿ ಎರಡು-ಮೂರು ಸಲ ತೊಳೆದು, ಒಂದು ತಿಂಗಳು ಗೊಬ್ಬರ ನಿಲ್ಲಿಸಿ.

ಮೊಗ್ಗು ಹಳದಿಯಾಗಿ ಉದುರುತ್ತಿದೆಯಾ? ಪಕ್ಕದಲ್ಲಿ ಬಾಳೆಗೊನೆ ತೂಗಿದೆಯೇ ನೋಡಿ. ಹಣ್ಣಾಗುವ ಬಾಳೆ ಬಿಡುವ ಎಥಿಲಿನ್ ಅನಿಲಕ್ಕೆ ಆರ್ಕಿಡ್ ಮೊಗ್ಗು ತಡೆಯುವುದಿಲ್ಲ. ಒಲೆಯ ಹೊಗೆಯಲ್ಲೂ ಅದೇ ಅನಿಲ ಇರುತ್ತದೆ. ನಮ್ಮ ಮನೆಗಳಲ್ಲಿ ಗೊನೆಗೂ ಹೂಬುಟ್ಟಿಗೂ ಒಂದೇ ತೊಲೆ. ಯಾವುದಾದರೂ ಒಂದನ್ನು ಬೇರೆ ಕೋಣೆಗೆ ಸಾಗಿಸಿ.

ತೋಟಕ್ಕೆ ಕೊಳೆರೋಗಕ್ಕೆಂದು ಮಾಡಿದ ಬೋರ್ಡೋ ದ್ರಾವಣ ಉಳಿಯಿತು ಅಂತ ಆರ್ಕಿಡ್‌ಗೂ ಹೊಡೆಯಬೇಡಿ. ಅದರಲ್ಲಿರುವ ಮೈಲುತುತ್ತ ತಾಮ್ರವೇ. ಡೆಂಡ್ರೋಬಿಯಂ ಎಲೆ, ಚಿಗುರು ಸುಟ್ಟುಹೋಗುತ್ತದೆ.

ಇನ್ನು ಕಾಡಿನ ಗಿಡ. ಮೀಸಲು ಅರಣ್ಯ, ಅಭಯಾರಣ್ಯದಿಂದ ಸೀತಾಳೆ ಕಿತ್ತು ತರುವುದು ಅಪರಾಧ. ತಂದರೂ ಮನೆಯೊಳಗೆ ಉಳಿಯುವುದು ಅಪರೂಪ. ಅದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಊಟವೇ ಇರುವುದಿಲ್ಲ. ಸರಿಯಾದ ಶಿಲೀಂಧ್ರದ ಜೊತೆ ಸಿಕ್ಕರೆ ಮಾತ್ರ ಮೊಳೆಯುತ್ತದೆ, ಹೂ ಬಿಡಲು ವರ್ಷಗಳೇ ಬೇಕು. ಕಿತ್ತ ಒಂದು ಗಿಡದ ಜಾಗ ತುಂಬುವುದು ಅಷ್ಟು ಕಷ್ಟ. ನಿಮ್ಮದೇ ಅಂಗಳದಲ್ಲಿ ಗಾಳಿಗೆ ಮುರಿದುಬಿದ್ದ ಕೊಂಬೆಯಲ್ಲಿ ಗಿಡ ಇದ್ದರೆ ಅದನ್ನು ಕೊಂಬೆಯ ಸಮೇತ ಅಂಗಳದ ಇನ್ನೊಂದು ಮರಕ್ಕೇ ಕಟ್ಟಿ. ಮನೆಯೊಳಗೆ ನರ್ಸರಿಯ ಗಿಡವೇ ಇರಲಿ.

ನರ್ಸರಿಯಿಂದ ತಂದ ಗಿಡದ ಬುಡವನ್ನು ಮೊದಲ ವಾರವೇ ಪರೀಕ್ಷಿಸಿ. ಬೇರಿನ ನಡುವೆ ಒದ್ದೆ ಪಾಚಿಯ ಉಂಡೆಯೋ ಸ್ಪಂಜಿನ ಚೂರೋ ಸಿಕ್ಕಿಕೊಂಡಿರುವುದುಂಟು. ಹೊರಗಿನ ಇದ್ದಿಲು ಒಣಗಿದ್ದರೂ ಅದು ವಾರಗಟ್ಟಲೆ ಒಣಗುವುದಿಲ್ಲ. ಹೂ ಮುಗಿದ ಮೇಲೆ ನೀರಿನಲ್ಲಿ ನೆನೆಸಿ, ಬೇರು ಮುರಿಯದಂತೆ ಬಿಡಿಸಿ ತೆಗೆದು, ಹೊಸ ಬುಟ್ಟಿಗೆ ಹಾಕಿ. ಇದಕ್ಕೆ ಫೆಬ್ರವರಿ-ಮಾರ್ಚ್ ಒಳ್ಳೆಯ ಕಾಲ, ಮಳೆ ಬರುವಷ್ಟರಲ್ಲಿ ಗಿಡ ಕಚ್ಚಿಕೊಂಡಿರುತ್ತದೆ. ಹೊಸ ಬುಟ್ಟಿಗೆ ಹಾಕಿದ ಮೊದಲ ನಾಲ್ಕೈದು ದಿನ ನೀರು ಬೇಡ, ಗಾಯ ಮಾಗಲಿ. ಆಮೇಲೆ ಬರೀ ನೀರು. ಹೊಸ ಬೇರಿನ ಹಸಿರು ತುದಿ ಬುಟ್ಟಿಯ ಸಂದಿಯಲ್ಲಿ ಕಾಣಿಸಿದ ಮೇಲೆ ಮೊದಲ ಸಲ ಗೊಬ್ಬರ ಕೊಡಿ, ಅದೂ ಲೀಟರಿಗೆ ಕಾಲು ಗ್ರಾಂ.